ಜಪಾನೀ ಭಾಷೆಯಲ್ಲಿ ‘ಬೇಕು’ ನಡೆದು ಬಂದ ದಾರಿ

ಜಪಾನ್ ದೇಶಕ್ಕೆ ಆಧುನಿಕ ಕಾಲದಲ್ಲಿ ಎರಡು ರಾಜ್ಯಾಂಗಗಳಾದುವು. ಮೊದಲನೆಯದು ೧೮೮೯ರಲ್ಲಿ ಚಕ್ರವರ್ತಿಯು ಪ್ರಜೆಗಳಿಗೆ ದಯಪಾಲಿಸಿದುದು. ಎರಡನೆಯದು ಮಹಾಯುದ್ಧದಲ್ಲಿ ಸೋತ ಮೇಲೆ ೧೯೪೬ರ ನವೆಂಬರ್ ೩ರಂದು ಪ್ರಕಟವಾಗಿ, ಮರುವರ್ಷದ ಮೇ ೩ರಿಂದ ಆಚರಣೆಗೆ ಬಂದುದು. ದೇಶದ ಆಯವ್ಯಯವನ್ನು ಕುರಿತು ಹಳೆಯದರಲ್ಲಿ ೬೪ನೆಯ ವಿಧಿಯಿದ್ದರೆ ಹೊಸದರಲ್ಲಿ ೮೬ನೆಯ ವಿಧಿಯಿದೆ. ಪ್ರತಿವರ್ಷದ ಆಯವ್ಯಯವೂ ಶಾಸನಸಭೆಯ ಸಮ್ಮತಿಯ ಮೂಲಕ ಹಾದುಹೋಗಬೇಕು ಎಂಬುದು ಎರಡರಲ್ಲಿಯೂ ಬರುವ ಮಾತು. ‘ಹಾದುಹೋಗು’ ಎಂಬ ಅರ್ಥದ ಧಾತು ಕೂಡ ಎರಡರಲ್ಲಿ ಒಂದೇ. ಭೇದವಿರುವುದು ಧಾತುವಿನ ಮುಂದಿನ ಭಾಗದಲ್ಲಿ. ೧೮೮೯ರ ರೂಪ ‘ಫುಬೆಶಿ’. ೧೯೪೬ರ ರೂಪ ‘ಹೆನಕೆರೆಬ ನರನೈ’. ನಾವು ಎರಡನ್ನೂ ‘ಹಾದುಹೋಗಬೇಕು’ ಎಂದೇ ಕನ್ನಡಿಸುತ್ತೇವೆ. ಆದರೆ ಬಿಡಿಸಿ ನೋಡಿದರೆ ಎರಡನೆಯ ರೂಪದಲ್ಲಿ ‘ಬೇಕು’ ಎಂಬರ್ಥದ ಪದವೇ ಇಲ್ಲ. ‘ಹಾದುಹೋಗದಿದ್ದರೆ ಆಗದು’ ಎಂದಷ್ಟೇ ಅಲ್ಲಿದೆ. ಐವತ್ತೇಳು ವರ್ಷಗಳ ಅಂತರದಲ್ಲಿ ಒಂದು ದೇಶದ ಮೂಲಶಾಸನವು ಕರ್ತವ್ಯವನ್ನು ಹೇಳುವ ರೀತಿಯನ್ನೇ ಬದಲಿಸಿಕೊಂಡಿತು. ಈ ಬದಲಾವಣೆಯ ಹಿಂದಿನ ಚರಿತ್ರೆಯನ್ನು ತಿಳಿದುಕೊಳ್ಳುವುದು ಭಾಷಾಬೋಧಕರಾದ ನಮಗೆ ಪ್ರಯೋಜನಕರವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ಇದರಲ್ಲಿ ನನಗೆ ಕುತೂಹಲ ಹುಟ್ಟಿದುದು ಹಳೆಯ ವಿದ್ಯಾರ್ಥಿಗಳಿಂದ. ನಮ್ಮ ಗಡಿನಾಡಿನ ಶಾಲೆಗಳಲ್ಲಿ ಓದಿ, ಹೊಸೂರು ಬೆಂಗಳೂರುಗಳ ಕಾರ್ಖಾನೆಗಳನ್ನು ಸೇರಿದ ತರುಣರಲ್ಲಿ ಕೆಲವರು ಈಗ ಜಪಾನೀ ಭಾಷೆಯನ್ನು ಕಲಿಯುತ್ತಿದ್ದಾರೆ. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದು, ನಾಮಪದದ ಹಿಂದೆ ವಿಭಕ್ತಿ ಹತ್ತುವುದು ಇವೆಲ್ಲ ಕನ್ನಡದಂತೆಯೇ ಇರುವುದರಿಂದ ಮೊದಲ ಕೆಲವು ತಿಂಗಳು ಅವರಿಗೆ ಉತ್ಸಾಹ. ಆವಶ್ಯಕಾರ್ಥದ ಪಾಠಕ್ಕೆ ಬಂದಾಗ ಮುಖ ಸಪ್ಪಗಾಗುತ್ತದೆ. “ಮೇಷ್ಟ್ರೇ, ಒಂದು ‘ಬೇಕು’ ಅನ್ನೋದಕ್ಕೆ ಇಷ್ಟುದ್ದ ಮಾತು ಯಾಕೆ?” ಎಂದು ಒಬ್ಬನು ಕೇಳಿದ. ‘ಕಕು’ ಎಂದರೆ ಬರೆ. ‘ಬರೆಯಬೇಕು’ ಎನ್ನಲು ‘ಕಕನಕೆರೆಬ ನರನೈ’ ಎನ್ನಬೇಕು. ಪಾಠಪುಸ್ತಕಗಳು ಇದನ್ನು ಒಂದೇ ಸರವಾಗಿ ಬಾಯಿಪಾಠ ಮಾಡಿಸುತ್ತವೆ. ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಆದರೆ ಸರದೊಳಗಿನ ಮಣಿಗಳನ್ನು ಒಮ್ಮೆಯಾದರೂ ಬಿಡಿಸಿ ತೋರಿಸದ ಬಾಯಿಪಾಠ ಬಹಳ ದಿನ ಬಾಳುವುದಿಲ್ಲ.

ಮೊದಲು ಹಳೆಯ ರೂಪವಾದ ‘ಬೆಶಿ’ಯನ್ನು ನೋಡೋಣ. ಇದು ಜಪಾನೀ ಭಾಷೆಯ ಅತಿ ಪ್ರಾಚೀನ ಸಹಾಯಕ ಪ್ರತ್ಯಯಗಳಲ್ಲಿ ಒಂದು. ಎಂಟನೆಯ ಶತಮಾನದ ಕವಿತಾಸಂಕಲನವಾದ ‘ಮನ್‌ಯೋಶು’ವಿನಲ್ಲಿಯೇ ಕಾಣಸಿಗುತ್ತದೆ. ‘ಉಬೆ’ ಎಂಬ ಅವ್ಯಯದಿಂದ ಇದು ಬಂದಿತೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ‘ಉಬೆ’ ಎಂದರೆ ‘ಸರಿಯೇ, ಅದು ಹಾಗೆಯೇ ತಾನೆ’ ಎಂಬ ಭಾವ. ಆದುದರಿಂದ ‘ಬೆಶಿ’ಯ ಮೂಲಾರ್ಥ ಆಜ್ಞೆಯಲ್ಲ, ಯುಕ್ತತೆ, ಲೋಕದ ಸಹಜನ್ಯಾಯಕ್ಕೆ ಒಪ್ಪುವಂಥದು ಎಂಬ ಅರ್ಥ. ಅಲ್ಲಿಂದ ಕವಲೊಡೆದು ಅದು ಊಹೆ, ಸಂಕಲ್ಪ, ಸಾಧ್ಯತೆ, ಕರ್ತವ್ಯ, ಆಜ್ಞೆ, ಔಚಿತ್ಯ ಎಂಬ ಆರು ಅರ್ಥಗಳನ್ನು ಪಡೆಯಿತು. ‘ಮಳೆ ಬಂದೀತು’, ‘ನಾನೇ ಹೋಗುವೆನು’, ‘ನೀನು ಹೋಗತಕ್ಕದ್ದು’ ಈ ಮೂರಕ್ಕೂ ಒಂದೇ ಪ್ರತ್ಯಯ. ಜಪಾನಿನ ಪ್ರೌಢಶಾಲೆಯ ಮಕ್ಕಳು ಈ ಆರು ಅರ್ಥಗಳ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ‘ಸುಯಿಕ ತೊಮೆತೆ’ ಎಂಬ ಮಾತು ಕಟ್ಟಿಕೊಂಡು ನೆನಪಿಡುತ್ತಾರೆ. ‘ಕಲ್ಲಂಗಡಿಯನ್ನು ನಿಲ್ಲಿಸು’ ಎಂದು ಅದರ ಅರ್ಥ. ಉರುಳಿಹೋಗುವ ಕಲ್ಲಂಗಡಿಯನ್ನು ಹಿಡಿದಷ್ಟೇ ಕಷ್ಟ ‘ಬೆಶಿ’ಯ ಅರ್ಥವನ್ನು ಹಿಡಿಯುವುದು ಎಂದು ಹುಡುಗರು ಕಂಡುಕೊಂಡರೋ ಏನೋ!

‘ಬೆಶಿ’ಗೆ ಗಾಂಭೀರ್ಯವು ಬಂದುದು ಚೀನೀ ಗ್ರಂಥಗಳ ಅಧ್ಯಯನದಿಂದ. ಜಪಾನೀ ಪಂಡಿತರು ಚೀನೀ ಗ್ರಂಥಗಳನ್ನು ಚೀನೀ ಲಿಪಿಯಲ್ಲಿಯೇ ಮುಂದಿಟ್ಟುಕೊಂಡು, ಪದಗಳ ಕ್ರಮವನ್ನು ಹಿಂದುಮುಂದು ಮಾಡಿ, ತಮ್ಮ ಭಾಷೆಯ ಪ್ರತ್ಯಯಗಳನ್ನು ಸೇರಿಸಿ ಓದುವ ಒಂದು ವಿಲಕ್ಷಣ ಪದ್ಧತಿಯನ್ನು ಬೆಳೆಸಿದರು. ಇದರಲ್ಲಿ ಕೆಲವು ಚೀನೀ ಅಕ್ಷರಗಳನ್ನು ಎರಡು ಸಲ ಓದುವ ಸಂಪ್ರದಾಯವಿದೆ. ‘ಅವಶ್ಯವಾಗಿ’ ಎಂಬರ್ಥದ ಒಂದು ಅಕ್ಷರವನ್ನು ಮೊದಲು ‘ಸುಬೆಕರಕು’ ಎಂದು ಓದಿ, ವಾಕ್ಯದ ಕೊನೆಗೆ ಬಂದಾಗ ಅದೇ ಅಕ್ಷರಕ್ಕೆ ಹಿಂದಿರುಗಿ ‘ಬೆಶಿ’ ಎಂದು ಮತ್ತೊಮ್ಮೆ ಓದಬೇಕು. ಚೀನೀ ಭಾಷೆಯಲ್ಲಿ ಕರ್ತವ್ಯಸೂಚಕ ಪದವು ಕ್ರಿಯೆಗಿಂತ ಮೊದಲು ಬರುತ್ತದೆ, ಜಪಾನಿಯಲ್ಲಿ ಕೊನೆಗೆ ಬರುತ್ತದೆ. ಎರಡಕ್ಕೂ ನ್ಯಾಯ ಸಲ್ಲಿಸುವುದಕ್ಕೆ ಕಂಡುಹಿಡಿದ ಉಪಾಯ ಇದು. ಸಂಸ್ಕೃತ ಶ್ಲೋಕಕ್ಕೆ ಕನ್ನಡದಲ್ಲಿ ಅನ್ವಯ ಹೇಳಿ ರೂಢಿಯಿರುವ ನಮ್ಮ ಪಂಡಿತರು ಈ ಪರಿಶ್ರಮವನ್ನು ಸುಲಭವಾಗಿ ಊಹಿಸಬಲ್ಲರು. ಈ ಓದಿನ ಮೂಲಕವೇ ‘ಮಾಡದಿರತಕ್ಕದ್ದಲ್ಲ’, ‘ಮಾಡದಿರುವುದನ್ನು ಪಡೆಯಲಾಗದು’ ಎಂಬಂಥ ಚೀನೀ ಇಮ್ಮಡಿ ನಿಷೇಧಗಳೂ ಜಪಾನೀ ಗದ್ಯಕ್ಕೆ ಇಳಿದುವು. ಇವುಗಳಲ್ಲಿ ಎರಡನೆಯದು ‘ಜ಼ರು ಒ ಎನೈ’ ಎಂಬ ರೂಪದಲ್ಲಿ ಇಂದಿಗೂ ಬಳಕೆಯಲ್ಲಿದೆ. ಮನಸ್ಸಿಲ್ಲದಿದ್ದರೂ ಗತ್ಯಂತರವಿಲ್ಲದೆ ಮಾಡುವ ಕೆಲಸಕ್ಕೆ ಅದನ್ನು ಹೇಳುತ್ತಾರೆ.

ಅತ್ತ ಜನರ ಬಾಯಿಮಾತಿನಲ್ಲಿ ಬೇರೊಂದು ವ್ಯಾಪಾರ ನಡೆದಿತ್ತು. ಪ್ರಾಚೀನ ಜಪಾನಿಯಲ್ಲಿ ‘ನೆಬ’ ಎಂಬ ನಿಷೇಧರೂಪಕ್ಕೆ ‘ಇಲ್ಲವಾದ್ದರಿಂದ’ ಎಂದು ಅರ್ಥ. ‘ಇಲ್ಲದಿದ್ದರೆ’ ಎನ್ನುವುದಕ್ಕೆ ಬೇರೆ ರೂಪವಿತ್ತು. ನಡೆದುಹೋದುದರ ಕಾರಣವನ್ನು ಹೇಳುವ ‘ಬ’ ಒಂದು. ನಡೆಯದಿರುವುದನ್ನು ಊಹಿಸಿ ಹೇಳುವ ‘ಬ’ ಇನ್ನೊಂದು. ಧಾತುವಿನ ರೂಪಭೇದದಿಂದ ಮಾತ್ರ ಅವುಗಳನ್ನು ಗುರುತಿಸಬೇಕಾಗಿತ್ತು. ಮಧ್ಯಯುಗದಲ್ಲಿ ಈ ಭೇದ ಸಡಿಲವಾಗಿ, ಕಾರಣಾರ್ಥದ ರೂಪವೇ ಪಕ್ಷಾರ್ಥಕ್ಕೆ ಜಾರಿತು. ‘ಇಲ್ಲವಾದ್ದರಿಂದ’ ಎಂಬುದು ‘ಇಲ್ಲದಿದ್ದರೆ’ ಎಂದಾಯಿತು. ಈ ಜಾರುವಿಕೆಯ ಮೇಲೆಯೇ ಇಂದಿನ ಆವಶ್ಯಕಾರ್ಥದ ಕಟ್ಟಡವೆಲ್ಲ ನಿಂತಿದೆ. ‘ನೆಬ’ದ ಮುಂದೆ ‘ಆಗದು’ ಎಂಬರ್ಥದ ‘ನರನು’ವನ್ನೋ ‘ಕೂಡಿಬಾರದು’ ಎಂಬರ್ಥದ ‘ಕನವನು’ವನ್ನೋ ಇಟ್ಟರೆ ‘ಮಾಡಲೇಬೇಕು’ ಎಂಬ ಅರ್ಥ ಹುಟ್ಟಿತು.

ಆ ಕಾಲದ ಜಪಾನೀ ಮಾತಿಗೆ ಒಳ್ಳೆಯ ಸಾಕ್ಷಿಯೊಬ್ಬನಿದ್ದಾನೆ. ಜೊಆಂವ್ ರೊಡ್ರಿಗಿಸ್ ಎಂಬ ಪೋರ್ಚುಗೀಸ್ ಜೆಸ್ವಿಟ್ ಪಾದ್ರಿ ೧೫೭೭ರಲ್ಲಿ ಹುಡುಗನಾಗಿ ಜಪಾನಿಗೆ ಹೋಗಿ, ಅಲ್ಲಿಯ ಅಧಿಪತಿಗಳಾದ ಹಿದೆಯೋಶಿ, ಇಎಯಾಸು ಇವರಿಗೆ ದುಭಾಷಿಯಾಗುವಷ್ಟು ಭಾಷಾಪ್ರೌಢಿಮೆಯನ್ನು ಸಂಪಾದಿಸಿದನು. ಅವನ ದೊಡ್ಡ ವ್ಯಾಕರಣ ನಾಗಸಾಕಿಯಲ್ಲಿ ೧೬೦೪ರಿಂದ ೧೬೦೮ರವರೆಗೆ ಅಚ್ಚಾಯಿತು. ಆ ಜೆಸ್ವಿಟರ ಅಚ್ಚಿನ ಯಂತ್ರಕ್ಕೂ ನಮ್ಮ ಗೋವೆಗೂ ಸಂಬಂಧವಿದೆ. ಯೂರೋಪಿಗೆ ಹೋಗಿದ್ದ ನಾಲ್ವರು ಜಪಾನೀ ಕ್ರೈಸ್ತ ತರುಣರ ನಿಯೋಗ ಹಿಂದಿರುಗುವಾಗ ಆ ಯಂತ್ರವನ್ನು ಜೊತೆಯಲ್ಲಿ ತಂದಿತು. ದಾರಿಯಲ್ಲಿ ಗೋವೆಯಲ್ಲಿ ತಂಗಿದ್ದಾಗ ಅವರಲ್ಲೊಬ್ಬನಾದ ಹರಾ ಮಾರ್ಟಿನ್ಯೊ ಲ್ಯಾಟಿನಿನಲ್ಲಿ ಮಾಡಿದ ಭಾಷಣ ೧೫೮೮ರಲ್ಲಿ ಅಲ್ಲಿಯೇ ಅಚ್ಚಾಯಿತು. ಯಂತ್ರವು ಜಪಾನನ್ನು ಮುಟ್ಟಿದುದು ೧೫೯೦ರಲ್ಲಿ. ಗೋವೆಯ ಕನ್ನಡ ಬಂಧುಗಳು ಇದನ್ನು ಗಮನಿಸಬಹುದು.

ರೊಡ್ರಿಗಿಸನು ರಾಜಧಾನಿಯಾದ ಕ್ಯೋತೊವಿನ ಮಾತನ್ನು ಶಿಷ್ಟವೆಂದು ಎಣಿಸಿದರೂ ಪ್ರಾಂತಭೇದಗಳನ್ನು ಕಣ್ಣಿಟ್ಟು ನೋಡಿದ್ದಾನೆ. ಪೂರ್ವದ ಕಾಂತೊ ಪ್ರಾಂತದವರು ನಿಷೇಧಕ್ಕೆ ‘ನು’ ಎನ್ನದೆ ‘ನೈ’ ಎನ್ನುತ್ತಾರೆಂದೂ, ಮುಂದಾಗುವುದನ್ನು ಹೇಳಲು ‘ಬೆಯಿ’ ಹಚ್ಚುತ್ತಾರೆಂದೂ ಬರೆದಿದ್ದಾನೆ. ಈ ‘ಬೆಯಿ’ ಬೇರೆ ಯಾವುದೂ ಅಲ್ಲ, ಗಂಭೀರವಾದ ಆ ‘ಬೆಶಿ’ಯೇ ಹಳ್ಳಿಯ ಬಾಯಲ್ಲಿ ಸವೆದ ರೂಪ. ಇಂದಿಗೂ ಈಶಾನ್ಯ ಜಪಾನಿನ ರೈತನು ‘ಇಕುಬೆ’ ಎಂದರೆ ‘ಹೋಗೋಣ ಬಾ’ ಎಂದು ಅರ್ಥ. ಅಂದು ಹಳ್ಳಿಗಾಡಾಗಿದ್ದ ಪೂರ್ವಪ್ರಾಂತದಲ್ಲಿಯೇ ಇಎಯಾಸು ೧೬೦೩ರಲ್ಲಿ ಎದೊ ನಗರವನ್ನು ತನ್ನ ಆಳ್ವಿಕೆಯ ಕೇಂದ್ರವಾಗಿ ಮಾಡಿಕೊಂಡನು. ಅದೇ ಇಂದಿನ ಟೋಕಿಯೊ. ಅಧಿಕಾರ ಅತ್ತ ಹೋದ ಮೇಲೆ ಭಾಷೆಯ ಗೌರವವೂ ನಿಧಾನವಾಗಿ ಅತ್ತ ಹೋಯಿತು. ಎದೊವಿನ ಮಾತಿನಲ್ಲಿ ‘ನೆಬ ನರನು’ವಿನ ಸ್ಥಾನಕ್ಕೆ ಪೂರ್ವದ ‘ನೈ’ಯಿಂದ ಕಟ್ಟಿದ ‘ನಕೆರೆಬ ನರನೈ’ ಬಂದು ಕುಳಿತಿತು.

ಪಶ್ಚಿಮದವರು ಮಾತ್ರ ತಮ್ಮದನ್ನು ಬಿಟ್ಟುಕೊಡಲಿಲ್ಲ. ಓಸಾಕಾದಲ್ಲಿ ಇಂದಿಗೂ ‘ಮಾಡಬೇಕು’ ಎನ್ನಲು ‘ಸೆನ ಅಕನ್’ ಎನ್ನುತ್ತಾರೆ. ‘ಸೆನ’ ಎಂಬುದು ‘ಸೆನೆಬ’ದ ಸವೆದ ರೂಪ. ‘ಅಕನ್’ ಎಂದರೆ ‘ತೆರೆಯದು’; ಬೇಲಿ ತೆರೆಯದು ಎಂಬ ನುಡಿಗಟ್ಟಿನಿಂದ ಬಂದುದು, ಅಂದರೆ ಕೆಲಸ ಮುಂದೆ ಸಾಗದು. ಟೋಕಿಯೊದಲ್ಲಿ ‘ನರನೈ’ಗೆ ಬದಲಾಗಿ ‘ಇಕೆನೈ’ ಎಂದೂ ಹೇಳುತ್ತಾರೆ. ‘ಹೋಗಲಾಗದು’ ಎಂಬುದು ಅದರ ಮೂಲಾರ್ಥ. ಇನ್ನೂ ಸಲಿಗೆಯ ಮಾತಿನಲ್ಲಿ ‘ದಮೆ’ ಬರುತ್ತದೆ. ಇದು ‘ಗೊ’ ಎಂಬ ಕಾಯಾಟದ ಮಾತು. ಯಾರ ವಶಕ್ಕೂ ಬಾರದ, ಕಾಯಿಟ್ಟರೂ ಫಲವಿಲ್ಲದ ಮನೆಗೆ ಆಟಗಾರರು ‘ದಮೆ’ ಎನ್ನುತ್ತಿದ್ದರು. ಹೀಗೆ ಮುಂದಿನ ಅರ್ಧ ಯಾವುದಾದರೂ ಆಗಬಹುದು. ಆಗದು, ಹೋಗಲಾಗದು, ತೆರೆಯದು, ವ್ಯರ್ಥ. ಮೊದಲ ಅರ್ಧ ಮಾತ್ರ ‘ಮಾಡದಿದ್ದರೆ’ ಎಂದೇ ನಿಂತಿದೆ. ಬೋಧಕನು ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ, ಬೇರೆ ಬೇರೆ ಪಾಠಗಳಲ್ಲಿ ಚದರಿರುವ ಆರೇಳು ರೂಪಗಳು ಒಂದೇ ದಿನದಲ್ಲಿ ವಶವಾಗುತ್ತವೆ.

ಕನ್ನಡಿಗನಿಗೆ ಇದು ಅಪರಿಚಿತವೇ? ‘ಹೋಗದಿದ್ದರಾಗದು’, ‘ಕೊಡದೆ ವಿಧಿಯಿಲ್ಲ’, ‘ಬಾರದಿದ್ದರೆ ನಡೆಯದು’ ಎಂದು ನಾವು ದಿನವೂ ಆಡುತ್ತೇವೆ. ಇಂಗ್ಲಿಷಿನ ಮೂಲಕ ಜಪಾನಿಯನ್ನು ಕಲಿಯುವವನಿಗೆ ಇಮ್ಮಡಿ ನಿಷೇಧ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಕನ್ನಡದ ಹುಡುಗನು ಇಂಗ್ಲಿಷಿನ ವಿವರಣೆಯನ್ನು ಓದಿ ತಾನೂ ಬೆದರುವುದು ಮಾತ್ರ ವಿಷಾದಕರ. ಭೇದವಿರುವುದು ಒಂದೆಡೆ. ನಮಗೆ ಇಮ್ಮಡಿ ನಿಷೇಧವು ಒತ್ತಿ ಹೇಳುವ ಮಾತು; ಸಾಮಾನ್ಯವಾಗಿ ಹೇಳುವುದಕ್ಕೆ ‘ಬೇಕು’ ಇದೆ. ಹಳಗನ್ನಡದ ‘ಬೇೞ್ಕುಂ’ ಎಂಬುದೇ ಈ ‘ಬೇಕು’. ಬಯಸು, ಕೇಳು ಎಂಬರ್ಥದ ‘ಬೇೞ್’ ಧಾತುವಿನಿಂದ ಹುಟ್ಟಿದುದು. ನಮ್ಮ ಕರ್ತವ್ಯದ ಬುಡದಲ್ಲಿ ಯಾರದೋ ಬಯಕೆಯಿದೆ. ಜಪಾನಿಯಲ್ಲಿ ಬಯಸುವವನ ಸುಳಿವಿಲ್ಲ. ಕೆಲಸ ನಡೆಯದಿದ್ದರೆ ಸಂಗತಿ ಕೂಡಿಬಾರದು ಎಂದಷ್ಟೇ ಇದೆ. ಇದರಿಂದ ಜಪಾನೀಯರ ಸ್ವಭಾವವೇ ಹೀಗೆ ಹಾಗೆ ಎಂದು ತರ್ಕ ಹೂಡುವವರುಂಟು. ಒಂದು ಪ್ರತ್ಯಯದಿಂದ ಒಂದು ಜನಾಂಗದ ಮನಸ್ಸನ್ನು ಅಳೆಯುವ ವಿದ್ಯೆಯಲ್ಲಿ ನನಗೆ ನಂಬಿಕೆಯಿಲ್ಲ.

ಸಾಮ್ಯವನ್ನು ಕಂಡು ಸಂಬಂಧವನ್ನು ಕಲ್ಪಿಸುವುದೂ ಬೇಡ. ಜಪಾನಿಗೂ ತಮಿಳಿಗೂ ನಂಟಿದೆಯೆಂದು ಓನೊ ಸುಸುಮು ಎಂಬ ವಿದ್ವಾಂಸರು ೧೯೮೧ರಲ್ಲಿ ಗ್ರಂಥವನ್ನೇ ಬರೆದರು. ಬಹುಮಂದಿ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ಒಂದು ಉದಾಹರಣೆ ಸಾಕು. ಜಪಾನಿಯಲ್ಲಿ ಪ್ರಾಣಿಗಳ ಇರುವಿಕೆಗೆ ‘ಇರು’ ಎನ್ನುತ್ತಾರೆ. ನಮ್ಮ ‘ಇರು’ವೇ ಎಂದು ಹುಡುಗರು ಕುಣಿದಾಡುತ್ತಾರೆ. ಆದರೆ ಅದರ ಪ್ರಾಚೀನ ರೂಪ ‘ವಿರು’, ಅರ್ಥ ‘ಕುಳಿತುಕೊಳ್ಳು’. ಮೇಲಾಗಿ ‘ಅಗತ್ಯವಾಗು’ ಎಂಬರ್ಥದ ಇನ್ನೊಂದು ‘ಇರು’ ಇದೆ. ಅದು ‘ಒಳಹೋಗು’ ಎಂಬ ಧಾತುವಿನ ಕವಲು. ‘ಮನೆ ಕಟ್ಟಲು ಇಷ್ಟು ಹಣ ಹಿಡಿಯುತ್ತದೆ’ ಎನ್ನುವ ನಮ್ಮ ಮಾತಿಗೆ ಇದು ಹತ್ತಿರ. ಮೊದಲನೆಯದರ ನಿಷೇಧ ‘ಇನೈ’, ಎರಡನೆಯದರದು ‘ಇರನೈ’. ಇಲ್ಲಿ ಕಾಲು ಜಾರದ ವಿದ್ಯಾರ್ಥಿ ವಿರಳ.

ವಸ್ತು ಬೇಕು ಎನ್ನುವುದಕ್ಕೆ ಜಪಾನೀಯರು ಬಳಸುವುದು ಈ ಎರಡನೆಯ ‘ಇರು’ವನ್ನೇ. ‘ನನಗೆ ಹಣ ಬೇಕು’ ಎನ್ನುವಾಗ ‘ನನಗೆ’ ಎಂಬಲ್ಲಿ ಚತುರ್ಥಿಗೆ ಸಮನಾದ ವಿಭಕ್ತಿ, ‘ಹಣ’ ಎಂಬಲ್ಲಿ ಪ್ರಥಮೆ. ರಚನೆ ಕನ್ನಡದಂತೆಯೇ. ಸ್ವಲ್ಪ ಬಿಗುವಾದ ಮಾತಿನಲ್ಲಿ ‘ಹಿತ್ಸುಯೋ’ ಎಂಬ ಚೀನೀಮೂಲದ ಶಬ್ದ ಬರುತ್ತದೆ. ನಾವು ‘ಆವಶ್ಯಕ’ ಎಂಬ ಸಂಸ್ಕೃತಪದವನ್ನು ಬಳಸುವ ಹಾಗೆ. ಹಳೆಯ ರಾಜ್ಯಾಂಗದ ೩೭ನೆಯ ವಿಧಿ, ಶಾಸನಗಳಿಗೆಲ್ಲ ಸಭೆಯ ಸಮ್ಮತಿ ಅವಶ್ಯಕವೆಂದು ಹೇಳುವಾಗ ‘ಯೋಸು’ ಎಂದಿರುವುದು ಇದೇ ಮೂಲದ ಅಕ್ಷರದಿಂದ.

ಮರಳಿ ‘ಬೆಶಿ’ಗೆ ಬರೋಣ. ಜನರ ಬಾಯಿಂದ ಬಹುಮಟ್ಟಿಗೆ ಮರೆಯಾಗಿದ್ದ ಈ ಪ್ರತ್ಯಯಕ್ಕೆ ಮೆಯಿಜಿ ಸರ್ಕಾರ ಹೊಸ ಅಧಿಕಾರವನ್ನು ಕೊಟ್ಟಿತು. ೧೮೮೨ರಲ್ಲಿ ಸೈನಿಕರಿಗೆ ಹೊರಡಿಸಿದ ರಾಜಾಜ್ಞೆಯಲ್ಲಿ ನಿಷ್ಠೆ, ವಿನಯ, ಶೌರ್ಯ, ವಿಶ್ವಾಸ, ಸರಳತೆ ಎಂಬ ಐದು ವಿಧಿಗಳಿವೆ. ಐದೂ ‘ಬೆಶಿ’ಯಿಂದ ಮುಗಿಯುತ್ತವೆ. ೧೮೯೦ರ ಶಿಕ್ಷಣ ರಾಜಾಜ್ಞೆಯಲ್ಲಿ, ಸಾಮ್ರಾಜ್ಯದ ಭಾಗ್ಯಕ್ಕೆ ಪ್ರಜೆಗಳು ಹೆಗಲು ಕೊಡತಕ್ಕದ್ದು ಎಂಬ ಮುಖ್ಯ ವಾಕ್ಯ ನಿಲ್ಲುವುದೂ ‘ಬೆಶಿ’ಯ ಮೇಲೆಯೇ. ಅರ್ಧ ಶತಮಾನಕ್ಕೂ ಮಿಕ್ಕಿ ಶಾಲೆಯ ಉತ್ಸವಗಳಲ್ಲಿ ಮುಖ್ಯೋಪಾಧ್ಯಾಯರು ಇದನ್ನು ಗಂಭೀರವಾಗಿ ಓದುತ್ತಿದ್ದರು. ಮಕ್ಕಳು ತಲೆಬಾಗಿ ಕೇಳುತ್ತಿದ್ದರು, ಬಾಯಿಪಾಠವನ್ನೂ ಮಾಡುತ್ತಿದ್ದರು. ‘ಸರಿಯೇ ತಾನೆ’ ಎಂಬ ನಯವಾದ ಮಾತಿನಿಂದ ಹೊರಟ ಪದ ಕಡೆಗೆ ಪ್ರಶ್ನಿಸಲಾಗದ ಅಪ್ಪಣೆಯಾಗಿ ಮಕ್ಕಳ ತಲೆಯ ಮೇಲೆ ಬಂದು ನಿಂತಿತು. ಮುಖ್ಯೋಪಾಧ್ಯಾಯನಾದ ನಾನು ಇದನ್ನು ಓದಿದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅದೇ ಸರ್ಕಾರ ಅದೇ ಕಾಲದಲ್ಲಿ ಇನ್ನೊಂದು ಕೆಲಸವನ್ನೂ ಮಾಡಿತೆನ್ನುವುದು ನ್ಯಾಯ. ೧೮೮೬ರ ಪ್ರಾಥಮಿಕ ಶಾಲಾ ಶಾಸನದಲ್ಲಿ ಮಕ್ಕಳನ್ನು ಓದಿಸುವುದು ಪೋಷಕರ ‘ಗಿಮು’, ಎಂದರೆ ಕರ್ತವ್ಯಭಾರ, ಎಂದು ಬರೆಯಲಾಯಿತು. ನಾಲ್ಕು ವರ್ಷದ ಕಡ್ಡಾಯ ಶಿಕ್ಷಣ ೧೯೦೭ರಲ್ಲಿ ಆರು ವರ್ಷಕ್ಕೇರಿತು. ಇಷ್ಟು ಮಕ್ಕಳು ಶಾಲೆಗೆ ಬಂದಾಗ ಅವರಿಗೆ ಯಾವ ಭಾಷೆಯಲ್ಲಿ ಕಲಿಸುವುದು? ೧೯೦೨ರಲ್ಲಿ ಸರ್ಕಾರ ದೇಶಭಾಷಾ ಪರಿಶೀಲನ ಸಮಿತಿಯನ್ನು ನೇಮಿಸಿತು. ಆ ಸಮಿತಿ ದೇಶದಾದ್ಯಂತ ವಿಚಾರಿಸಿ, ‘ನೈ’ ಎಲ್ಲಿ, ‘ನು’ ಎಲ್ಲಿ ಎಂಬಂಥ ವಿಷಯಗಳನ್ನು ೧೯೦೬ರಲ್ಲಿ ನಕ್ಷೆಗಳ ಮೂಲಕ ಪ್ರಕಟಿಸಿತು. ಮುನ್ನೂರು ವರ್ಷಗಳ ಹಿಂದೆ ರೊಡ್ರಿಗಿಸನು ಹೇಳಿದ್ದ ಪೂರ್ವಪಶ್ಚಿಮಗಳ ಭೇದ ಆ ನಕ್ಷೆಯಲ್ಲಿ ಗೆರೆಯಾಗಿ ಮೂಡಿತು. ೧೯೦೪ರಿಂದ ಬಂದ ಸರ್ಕಾರಿ ವಾಚನ ಪುಸ್ತಕಗಳಲ್ಲಿಯೂ, ೧೯೧೬ರಲ್ಲಿ ಸಮಿತಿ ಹೊರತಂದ ಆಡುಮಾತಿನ ವ್ಯಾಕರಣದಲ್ಲಿಯೂ ಟೋಕಿಯೊದ ವಿದ್ಯಾವಂತರ ಮಾತಿಗೇ ಮಾನ್ಯತೆ ದೊರೆಯಿತು. ಹೀಗೆ ‘ನಕೆರೆಬ ನರನೈ’ ಶಾಲೆಯ ಭಾಷೆಯಾಯಿತು. ಶಾಸನದ ಭಾಷೆ ಮಾತ್ರ ‘ಬೆಶಿ’ಯಲ್ಲಿಯೇ ಉಳಿಯಿತು. ಒಂದೇ ಮಗು ವಾಚನ ಪುಸ್ತಕದಲ್ಲಿ ಒಂದು ‘ಬೇಕು’, ರಾಜಾಜ್ಞೆಯಲ್ಲಿ ಇನ್ನೊಂದು ‘ಬೇಕು’ ಕಲಿಯುತ್ತಿತ್ತು.

ಈ ಗೋಡೆ ಬಿದ್ದುದು ೧೯೪೬ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಕಾದಂಬರಿಕಾರ ಯಮಮೊತೊ ಯೂಜ಼ೊ ಮೊದಲಾದವರು ಸರ್ಕಾರವನ್ನು ಕಂಡು, ಹೊಸ ರಾಜ್ಯಾಂಗವನ್ನು ಜನರು ಆಡುವ ಭಾಷೆಯಲ್ಲಿ ಬರೆಯಬೇಕೆಂದು ವಿನಂತಿಸಿಕೊಂಡರು. ಏಪ್ರಿಲ್ ೧೭ರಂದು ಪ್ರಕಟವಾದ ಕರಡು ಹಾಗೆಯೇ ಇತ್ತು. ಇಂಗ್ಲಿಷ್ ಪಾಠದಲ್ಲಿ ‘ಶಲ್’ ಎಂದಿದ್ದ ಕಡೆಗಳಲ್ಲಿ ಕೆಲವಕ್ಕೆ ಸರಳ ವರ್ತಮಾನವನ್ನೂ, ಕರ್ತವ್ಯ ಸ್ಪಷ್ಟವಾಗಿರುವ ಕಡೆ ‘ನಕೆರೆಬ ನರನೈ’ಯನ್ನೂ ಇಟ್ಟರು. ಸ್ವಾತಂತ್ರ್ಯಗಳನ್ನು ಪ್ರಜೆಗಳು ಎಡೆಬಿಡದ ಪ್ರಯತ್ನದಿಂದ ಕಾಪಾಡಿಕೊಳ್ಳಬೇಕು ಎನ್ನುವ ೧೨ನೆಯ ವಿಧಿಯಲ್ಲಿ ಅದು ಇದೆ. ದಾಂಪತ್ಯವು ಪರಸ್ಪರ ಸಹಕಾರದಿಂದ ಉಳಿಯಬೇಕು ಎನ್ನುವ ೨೪ನೆಯ ವಿಧಿಯಲ್ಲಿಯೂ ಇದೆ. ಅಡುಗೆಮನೆಯಲ್ಲಿ ತಾಯಿ ಮಗುವಿಗೆ ‘ಊಟ ಮಾಡಬೇಕು’ ಎನ್ನುವ ರೂಪವೇ ರಾಷ್ಟ್ರದ ಮೂಲಶಾಸನಕ್ಕೆ ಬಂತು. ಶಿಕ್ಷಣ ರಾಜಾಜ್ಞೆಯನ್ನು ೧೯೪೮ರ ಜೂನ್ ೧೯ರಂದು ಶಾಸನಸಭೆಯ ಎರಡು ಮನೆಗಳೂ ನಿರ್ಣಯ ಮಾಡಿ ತೊಡೆದುಹಾಕಿದುವು.

‘ಬೆಶಿ’ ಸತ್ತುಹೋಯಿತೆಂದು ತಿಳಿಯಬಾರದು. ಅದರ ವಿಶೇಷಣರೂಪವಾದ ‘ಬೆಕಿ’ ಇಂದು ‘ಮಾಡುವುದು ಯುಕ್ತ’ ಎಂಬ ಅರ್ಥದಲ್ಲಿ ನಿತ್ಯ ಬಳಕೆಯಲ್ಲಿದೆ. ತನ್ನ ಹುಟ್ಟಿನ ಅರ್ಥಕ್ಕೆ ಹತ್ತಿರವಾಗಿ. ಅದನ್ನು ‘ಹಜ಼ು’ ಎಂಬುದರೊಡನೆ ಬೆರೆಸಬಾರದು. ‘ಹಜ಼ು’ ಎಂದರೆ ಬಾಣದ ಹಿಂತುದಿಯ ಕಚ್ಚು. ಅದು ಹೆದೆಗೆ ಸರಿಯಾಗಿ ಕೂಡುವಂತೆ ಸಂಗತಿಯೂ ಕೂಡಬೇಕು ಎಂಬುದರಿಂದ ‘ರೈಲು ಇಷ್ಟು ಹೊತ್ತಿಗೆ ಬಂದಿರಬೇಕು’ ಎಂಬ ನಿರೀಕ್ಷೆಯ ‘ಬೇಕು’ ಹುಟ್ಟಿತು. ಕನ್ನಡದ ಒಂದೇ ‘ಬೇಕು’ ಜಪಾನಿಯಲ್ಲಿ ನಾಲ್ಕು ದಾರಿಯಾಗುತ್ತದೆಂಬುದನ್ನು ಬೋಧಕನು ಮೊದಲೇ ಎಚ್ಚರಿಸಬೇಕು.

ಇನ್ನು ‘ಬೇಡ’, ‘ಕೂಡದು’ಗಳ ಮಾತು. ‘ಬರೆಯಬೇಕಾಗಿಲ್ಲ’ ಎನ್ನಲು ‘ನರನೈ’ಯನ್ನೇ ತಿರುಗಿಸಲು ಹೊರಟವನು ಕೆಟ್ಟ. ‘ಕಕನಕುತೆ ಮೊ ಈ’, ಎಂದರೆ ‘ಬರೆಯದಿದ್ದರೂ ಒಳ್ಳೆಯದೇ’ ಎನ್ನಬೇಕು. ‘ಬರೆಯಕೂಡದು’ ಎನ್ನಲು ‘ಕೈತೆ ವ ಇಕೆನೈ’, ‘ಬರೆದರೆ ಆಗದು’. ಬರೆಯದಿದ್ದರೆ ಆಗದು, ಬರೆಯದಿದ್ದರೂ ಆದೀತು, ಬರೆದರೆ ಆಗದು ಎಂದು ಕನ್ನಡದಲ್ಲಿ ಮೂರು ಸಲ ಹೇಳಿಸಿ, ಅನಂತರ ಜಪಾನಿಯನ್ನು ಹೇಳಿಸಿದರೆ ತಪ್ಪು ಬಹಳ ಕಡಿಮೆಯಾಗುತ್ತದೆ. ನನ್ನ ಬಳಿಗೆ ಬರುವ ಹುಡುಗರೊಡನೆ ಇದನ್ನು ಮಾಡಿ ನೋಡಿದ್ದೇನೆ.

ಇಷ್ಟೆಲ್ಲ ಕಲಿತು ಟೋಕಿಯೊಗೆ ಹೋದವನಿಗೆ ಇನ್ನೊಂದು ಸೋಜಿಗ ಕಾದಿದೆ. ಹರಟೆ ಮುಗಿಸಿ ಎದ್ದು ಹೊರಡುವ ಗೆಳೆಯ ‘ಇಕನಕ್ಯ’ ಎನ್ನುತ್ತಾನೆ, ಇಲ್ಲವೆ ‘ಇಕನಕುಚ’ ಎನ್ನುತ್ತಾನೆ. ‘ಹೋಗದಿದ್ದರೆ…’ ಎಂದಷ್ಟೇ ಅದರ ಅರ್ಥ. ‘ಆಗದು’ ಎಂಬ ಉಳಿದ ಅರ್ಧವನ್ನು ಅವನು ಹೇಳುವುದೂ ಇಲ್ಲ, ಕೇಳುವವರು ಅದಕ್ಕಾಗಿ ಕಾಯುವುದೂ ಇಲ್ಲ.